ಅವ್ವನ ಹಲ್ಲಿನ ಸೆಟ್ಟು, ಅತ್ತಿಗೆಯ ಕೈ

ಹಲ್ಲು ಹಾಕಿಕೊಂಡ ಮೇಲೆ ಮಾತ್ರ ನನ್ನ ಕಡೆ ತಿರುಗುತ್ತಿದ್ದ ನನ್ನ ಅವ್ವನಿಗೆ,

ಮಧುಗಿರಿಯಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ನಿನ್ನನ್ನು ಕೂರಿಸಿದ ದಿನ ನೆನಪಿದೆಯಾ? ಬರುವುದೇ ಇಲ್ಲ ಅಂತ ನೀನು ಹಟ ಹಿಡಿದಿದ್ದೆ. "ಮುದ್ದೆ ನುಂಗಾಕೆ ಹಲ್ಲ್ಯಾಕೆ ಬುಡು" ಅಂದಿದ್ದೆ. ಆದರೂ ಹುಲಿಕುಂಟೆಯಿಂದ ಶಿರಾ, ಶಿರಾದಿಂದ ಮಧುಗಿರಿ ಅಂತ ಬಸ್ಸು ಬದಲಿಸಿಕೊಂಡು ಐದು ಸಲ ಬಂದೆ. ಐದು ಸಲವೂ ಸ್ಕೂಲಿಗೆ ರಜೆ ಹಾಕಿ ಬಸ್ ಸ್ಟ್ಯಾಂಡಿನಲ್ಲಿ ಕಾದವಳು ನಾನು. ಸೆಟ್ಟಿಗೆ ಬಾಯಿಯ ಅಚ್ಚು ತೆಗೆಯುವ ಹೊತ್ತಿಗೆ ಮಾತ್ರ ನನ್ನನ್ನು ಹೊರಗೆ ಕಳಿಸಿದೆ. ಯಾರೋ ಡಾಕ್ಟರ ಮುಂದೆ ಬಾಯಿ ತೆರೆಯುವವಳಿಗೆ ಹೆತ್ತ ಮಗಳ ಮುಂದೆ ಏನು ನಾಚಿಕೆ? ಆವತ್ತು ನಗು ಬಂದಿತ್ತು. ಹೊರಗೆ ಬೆಂಚಿನ ಮೇಲೆ ಕೂತು ಹಳೇ ಪೇಪರು ಓದಿದೆ.

ಸೆಟ್ಟು ಕೈಗೆ ಬಂದ ದಿನ ಡಾಕ್ಟರು ಹೇಳಿದ್ದನ್ನೆಲ್ಲ ಬರೆದುಕೊಂಡವಳೂ ನಾನೇ. ಉಂಡ ಮೇಲೆಲ್ಲ ತೆಗೆದು ತೊಳೆಯಬೇಕು. ಮೆದು ಬ್ರಷ್ಷು, ಚೂರು ಸೋಪು ಸಾಕು; ಪೇಸ್ಟು ಹಾಕಿ ಉಜ್ಜಿದರೆ ಗೀರು ಬೀಳುತ್ತದೆ, ಬೂದಿ ಉಪ್ಪಿನ ಮಾತೇ ಬೇಡ. ತೊಳೆಯುವಾಗ ಕೆಳಗೆ ನೀರು ತುಂಬಿದ ಬೇಸಿನ್ ಇರಲಿ, ಕೈ ಜಾರಿದರೂ ಒಡೆಯುವುದಿಲ್ಲ. ಮಲಗುವಾಗ ತೆಗೆದು ತಣ್ಣೀರಿನಲ್ಲಿ ಮುಳುಗಿಸಿಡಬೇಕು, ಒಸಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಕೊನೆಯ ಸಾಲು, ಬಿಸಿನೀರು ಕೂಡದು. ಮೇಷ್ಟ್ರಮ್ಮನ ದುಂಡು ಅಕ್ಷರದಲ್ಲಿ ಬರೆದು ಊರಿನ ಅಡುಗೆಮನೆಯ ಗೋಡೆಗೆ ಅಂಟಿಸಿ ಬಂದೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ಜಯ ಅತ್ತಿಗೆ ಅದನ್ನು ಅಕ್ಷರ ಕೂಡಿಸಿಕೊಂಡು ದಿನಾ ಓದುತ್ತಿದ್ದಳಂತೆ. ಬರೆದವಳು ಮಾತ್ರ ಆಮೇಲೆ ಆ ಕಡೆ ತಿರುಗಿಯೂ ನೋಡಲಿಲ್ಲ.

ಅತ್ತಿಗೆಯ ಕೈಯಲ್ಲಿ ನಿನ್ನ ಹಲ್ಲನ್ನು ಮೊದಲು ಕಂಡದ್ದು ಒಂದು ಭಾನುವಾರ. ಉಂಡೆದ್ದು ನೀನು ಹೊಸ್ತಿಲ ಮೇಲೆ ಕೂತಿದ್ದೆ, ಬಾಯಿಗೆ ಸೆರಗು. ಅತ್ತಿಗೆ ಬಂದು ನಿನ್ನ ಮುಖ ನೋಡದೆಯೇ ಅಂಗೈ ಚಾಚಿದಳು. ನೀನು ಸೆರಗಿನ ಮರೆಯಲ್ಲೇ ತೆಗೆದು ಆ ಕೈಗೆ ಇಟ್ಟೆ. ನಾನು ಎದ್ದು, ಕೊಡವ್ವ ನಾನು ತೊಳೆದು ತರುತ್ತೇನೆ ಅಂದೆ. ನೀನು ಸೆರಗು ಇನ್ನೂ ಬಿಗಿ ಮಾಡಿಕೊಂಡು ಮುಖ ಆ ಕಡೆ ತಿರುಗಿಸಿದೆ. "ನಿಂಗ್ಯಾಕ್ ಬುಡು, ಅವ್ಳಿಗ್ ಗೊತ್ತೈತೆ" ಅಂದೆ. ಏನು ಗೊತ್ತಿತ್ತು ಅವಳಿಗೆ? ನಿನ್ನ ಖಾಲಿ ಬಾಯಿ ಗೊತ್ತಿತ್ತು. ನಿನ್ನ ಹೊಟ್ಟೆಯಲ್ಲಿ ಹುಟ್ಟಿದ ನನಗೆ ಅದು ಗೊತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು ಅವ್ವ. ಬೇರೆ ಹೆಸರು ಹುಡುಕಿ ಹೇಳಿ ಏನು ಪ್ರಯೋಜನ?

ಆ ವರ್ಷದ ಯುಗಾದಿಗೆ ಬಂದಿದ್ದೆನಲ್ಲ, ಆ ಮಧ್ಯಾಹ್ನದ ವಿಷಯ ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದು. ನೀನು ಮಲಗಿದ್ದೆ, ಅತ್ತಿಗೆ ಹಸುವಿಗೆ ಹುಲ್ಲು ತರಲು ಹೋಗಿದ್ದಳು. ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ಹಲ್ಲಿನ ಸಂದಿಯಲ್ಲೆಲ್ಲ ಎಲೆ ಅಡಿಕೆಯ ಕಂದು ಕರೆ. ಇಷ್ಟೇನಾ ಇವಳು ತೊಳೆಯುವ ಚಂದ? ಮಗಳ ಕೈ ಅಂದರೆ ಏನು ಅಂತ ತೋರಿಸುತ್ತೇನೆ ಅಂದುಕೊಂಡೆ. ಪುಟ್ಟ ಪಾತ್ರೆಯಲ್ಲಿ ನೀರಿಗೆ ಅಡುಗೆ ಸೋಡಾ ಹಾಕಿ ಸೆಟ್ಟನ್ನು ಒಳಗೆ ಬಿಟ್ಟು, ಗ್ಯಾಸಿನ ಮೇಲಿಟ್ಟು ಕೊತಕೊತ ಕುದಿಸಿದೆ. ನಮ್ಮನೆಯ ಟಿಫನ್ ಬಾಕ್ಸಿನ ಜಿಡ್ಡು ತೆಗೆಯುವುದು ಹಾಗೇ. ನನ್ನದೇ ಚೀಟಿ ಎರಡು ಮೊಳ ದೂರದಲ್ಲಿ ಗೋಡೆಯ ಮೇಲಿತ್ತು. ಹಲ್ಲು ಬೆಳ್ಳಗಾಯಿತು, ನನಗೆ ಖುಷಿಯೋ ಖುಷಿ. ನೀನು ಎದ್ದು ಗೋಡೆ ಕಡೆ ತಿರುಗಿ ಹಾಕಿಕೊಂಡೆ. ಟಕ್ ಅಂತ ಸದ್ದು ಬಂತು. ದವಡೆಯನ್ನು ಆ ಕಡೆ ಈ ಕಡೆ ಆಡಿಸಿದೆ, ಮತ್ತೆ ಟಕ್. ಕುದಿನೀರಿಗೆ ಸೆಟ್ಟು ಸೊಟ್ಟಗಾಗಿದೆ ಅಂತ ಆಗಲೇ ಹೊಳೆಯಿತು, ಆದರೂ ಬಚ್ಚಿಟ್ಟೆ.

ಬುಕ್ಕಾಪಟ್ಟಣದ ಮದುವೆ ಊಟದಲ್ಲಿ ಅದು ಜಾರಿ ಎಲೆಯ ಮೇಲೆ ಬಿತ್ತು. ನೀನು ಸೆರಗು ಮುಚ್ಚಿಕೊಂಡು ಅರ್ಧಕ್ಕೇ ಎದ್ದೆ. ಅಣ್ಣ ನೆಂಟರ ಎದುರಿಗೇ ಅತ್ತಿಗೆಯನ್ನು ಬೈದ. ಕೆಲಸ ನೆಟ್ಟಗೆ ಮಾಡಲು ಬಾರದಿದ್ದರೆ ಯಾಕೆ ಮೈಮೇಲೆ ಹಾಕಿಕೊಳ್ಳುತ್ತೀ ಅಂದ. ಅವಳು ತಲೆ ತಗ್ಗಿಸಿ ನಿಂತಿದ್ದಳು. ನಾನು ಪಕ್ಕದಲ್ಲೇ ಕೂತು ಪಾಯಸ ಕುಡಿಯುತ್ತಿದ್ದೆ. ಅಯ್ಯೋ ಅನ್ನಿಸಬೇಕಿತ್ತಲ್ಲವಾ? ಒಳಗೊಳಗೆ ತಣ್ಣಗಾಯಿತು. ಇನ್ನು ಮೇಲೆ ಅವ್ವ ನನ್ನ ಕೈಗೇ ಕೊಡುತ್ತಾಳೆ ಅಂದುಕೊಂಡೆ.

ಕೊಟ್ಟೆಯಾ? ಹೊಸ ಸೆಟ್ಟು ಮಾಡಿಸೋಣ ಅಂದರೆ ಒಪ್ಪಲಿಲ್ಲ, ಮತ್ತೆ ಅಷ್ಟು ಸಲ ಬಸ್ಸು ಹತ್ತಲಾರೆ ಅಂದೆ. ಕೊನೆಗೆ ಸೆಟ್ಟು ಕೂರಿಸುವ ಅಂಟಿನ ಟ್ಯೂಬನ್ನು ನಾನೇ ಮೆಡಿಕಲ್ ಸ್ಟೋರಿನಿಂದ ತಂದೆ. ಒದ್ದೆ ಒರೆಸಿ ಜೋಳದ ಕಾಳಿನಷ್ಟು ಮೂರು ಕಡೆ ಹಚ್ಚುವುದು, ಒತ್ತಿ ಹಿಡಿಯುವುದು, ಸಂಜೆ ಹಳೇ ಅಂಟನ್ನೆಲ್ಲ ಬಿಡಿಸಿ ತೊಳೆಯುವುದು, ಎಲ್ಲ ಮತ್ತೆ ಅವಳ ಪಾಲಿಗೇ. ನೀವಿಬ್ಬರೂ ಕೋಣೆಯ ಒಳಗೆ. ಕಚ್ಕಂಡಿರಿ ಅತ್ತೆ ಅಂತ ಹೇಳಿ ಅವಳು ಇಪ್ಪತ್ತರವರೆಗೆ ಎಣಿಸುವುದನ್ನು ನಾನು ನಡುಮನೆಯಲ್ಲಿ ಕೂತು ಕೇಳುತ್ತಿದ್ದೆ. ಹನ್ನೆರಡು, ಹದಿಮೂರಕ್ಕೆ ಒಂದೊಂದು ಸಲ ನಿಮಗೆ ನಗು ಬರುತ್ತಿತ್ತು. ಅಲ್ಲಿ ನಗುವಂಥದ್ದು ಏನಿತ್ತು ಅವ್ವ?

ನೀನು ಹೋದ ದಿನ ಮೊದಲ ಬಸ್ಸಿಗೆ ಓಡಿ ಬಂದೆ. ಜನ ನೋಡಲು ಬರುವ ಮೊದಲು ಹಲ್ಲು ಹಾಕಬೇಕು, ಅತ್ತೆ ಹಾಗೇ ಹೇಳಿದ್ದರು ಅಂತ ಅತ್ತಿಗೆ ಎಲ್ಲರನ್ನೂ ಹೊರಗೆ ಕಳಿಸಿದಳು. ನನ್ನನ್ನೂ ಕಳಿಸಿದಳು, ಕೈ ಮುಗಿದು. ನಾನು ಬಾಗಿಲ ಆಚೆ ನಿಂತೆ. ಆಮೇಲೆ ಒಳಗೆ ಹೋದಾಗ ನೀನು ಅಚ್ಚುಕಟ್ಟಾಗಿ, ಕೆನ್ನೆ ತುಂಬಿಕೊಂಡು ಮಲಗಿದ್ದೆ. ಆ ಕೆನ್ನೆ ಮುಟ್ಟಿ ಅತ್ತುಬಿಟ್ಟೆ. ಅರ್ಧ ಅಳು ನಿನಗೆ, ಅರ್ಧ ಆ ಬಾಗಿಲಿಗೆ.

ಮೊನ್ನೆ ನಿನ್ನ ವರ್ಷದ ಎಡೆ ಇಟ್ಟೆವು. ನಾನು ನಿನಗಿಷ್ಟ ಅಂತ ಹುರಿಗಡಲೆ ಇಟ್ಟೆ. ಅತ್ತಿಗೆ ಅದನ್ನು ತೆಗೆದುಕೊಂಡು ಹೋಗಿ ಪುಡಿ ಮಾಡಿ ತಂದಳು. ಸೆಟ್ಟು ಸಡಿಲವಾದ ಮೇಲೆ ಅತ್ತೆ ಹೀಗೇ ತಿನ್ನುತ್ತಿದ್ದರು ಅಂದಳು. ಅಷ್ಟೇ ನೋಡು, ನನಗೆ ತಡೆಯಲಾಗಲಿಲ್ಲ. ಸಡಿಲ ಮಾಡಿದವಳು ನಾನು, ಕುದಿಸಿದವಳು ನಾನು ಅಂತ ನಿನ್ನ ಫೋಟೋದ ಎದುರಿಗೇ ಹೇಳಿಬಿಟ್ಟೆ. ಅವಳು ಬೈಯಲಿ ಅಂತ ಕಾದೆ. ಅವಳು ಎಡೆ ಸರಿ ಮಾಡುತ್ತಲೇ ಹೇಳಿದಳು:

"ಗೊತ್ತಿತ್ತು ಕಣಮ್ಮ. ಪಾತ್ರೆ ತಳದಾಗೆ ಸೋಡಾ ಅಂಗೇ ಇತ್ತಲ್ಲ. ಅತ್ತೇಗೂ ಗೊತ್ತಿತ್ತು. ಹುಡುಗಿ ಒಳ್ಳೇದ್ ಮಾಡಾಕೋಗಿ ಇಂಗ್ ಮಾಡ್ಬುಟ್ಟವ್ಳೆ, ನೀನು ಬಾಯ್ ಬುಡ್‌ಬ್ಯಾಡ ಅಂದಿದ್ರು."

ಹಾಗಾದರೆ ಮದುವೆ ಮನೆಯಲ್ಲಿ ಅವಳು ಬೈಸಿಕೊಂಡದ್ದು ನಿನ್ನ ಮಾತಿಗಾಗಿ. ನನಗೆ ನಾಚಿಕೆಯಾಯಿತು ನಿಜ. ಅದಕ್ಕಿಂತ ಮೊದಲು ಆದದ್ದು ಅದೇ ಹಳೇ ಹೊಟ್ಟೆಕಿಚ್ಚು. ನಾನು ಇಷ್ಟು ವರ್ಷ ಒಬ್ಬಳೇ ಬಚ್ಚಿಟ್ಟುಕೊಂಡಿದ್ದೇನೆ ಅಂದುಕೊಂಡ ನನ್ನ ತಪ್ಪನ್ನೂ ನೀವಿಬ್ಬರೇ ಇಟ್ಟುಕೊಂಡಿದ್ದಿರಲ್ಲ ಅವ್ವ, ನನ್ನನ್ನು ಬಿಟ್ಟು!

ನಿನಗೆ ಗೊತ್ತಿಲ್ಲದ ಸುದ್ದಿ ಈಗ ಒಂದೇ ಉಳಿದಿದೆ. ನನ್ನ ಹಲ್ಲೂ ಹೋದವು. ಸೋಮವಾರ ಅಚ್ಚು ತೆಗೆಯುತ್ತಾರೆ. ನಾನೂ ಬರುತ್ತೇನೆ ಅಂದಳು ಮಗಳು ಸುಮ. ಬೇಡ, ಜಯತ್ತೆ ಬರುತ್ತಾಳೆ ಅಂದುಬಿಟ್ಟೆ. ಬಾಯಿಂದ ಹೇಗೆ ಬಂತೋ ಕಾಣೆ. "ಅವ್ರ ಮುಂದೆ ಆಗುತ್ತೆ, ನನ್ ಮುಂದೆ ಆಗಲ್ವಾ ಅಮ್ಮ?" ಅಂದಳು. ನಾನು ನಿನ್ನನ್ನು ಒಂದು ಸಲವೂ ಕೇಳದೆ ಹೋದ ಮಾತು. ಅವಳ ಕಣ್ಣಲ್ಲಿ ನಾನು ಮುದುಕಿಯಾಗುವುದು ನನಗೆ ಬೇಡವಾಗಿತ್ತು. ನಿನಗೂ ಇಷ್ಟೇ ಆಗಿತ್ತಾ?

ಆಮೇಲೆ ನೀನೇ ಬಾ ಅಂದೆ, ಸೋಮವಾರ ಸುಮ ಬರುತ್ತಾಳೆ. ನಾನು ಬಾಯಿ ತೆರೆಯುವಾಗ ಎದುರಿಗೇ ನಿಂತಿರುತ್ತಾಳೆ, ಕಣ್ಣು ತುಂಬ ನೋಡಲಿ. ಅವಳಿಗೆ ಸಿಗುವುದು ನನಗೆ ಸಿಗಲಿಲ್ಲವಲ್ಲ ಅಂತ ನನ್ನ ಮಗಳ ಮೇಲೂ ಹೊಟ್ಟೆಕಿಚ್ಚಾಗುತ್ತದೆ ಅವ್ವ. ಆಗಲಿ.

ನಿನ್ನ ಮಗಳು