ಹಾಡು ಬಿಡ್ರಿ, ಮಾತು ಇರ್ಲಿ

ಅವ್ವಾ,

ನೀನು ಹೋದ ಮೇಲೆ ನನ್ನ ಫೋನಿನಲ್ಲಿ ಉಳಿದಿದ್ದ, ನೀನು ಹಾಡಿದ ಹಾಡುಗಳನ್ನು ಇವತ್ತು ಸಿದ್ಧೇಶ್ವರ ಗುಡಿ ಹತ್ತಿರದ ಅಂಗಡಿಯಲ್ಲಿ ಸಿ.ಡಿ. ಮಾಡಿಸಿದೆ.

“ಎಂಪಿ-ತ್ರೀ ಮಾಡಿದ್ರ ಎಲ್ಲಾ ಹಾಡೂ ಹಿಡಿತಾವ. ಆದ್ರ ನಿಮ್ಮಪ್ಪಾರ ಹಳೇ ಪ್ಲೇಯರಿನ್ಯಾಗ ಹಾಡಂಗಿಲ್ಲರಿ. ಹಳೇ ಆಡಿಯೋ ಸಿ.ಡಿ. ಥರಾ ಮಾಡಿದ್ರ ಹಾಡ್ತಾವ, ಖರೆ ಅರ್ಧಾನೇ ಹಿಡಿತಾವ,” ಎಂದ ಅಂಗಡಿಯ ಮುನಾಫ. “ಹಾಡಿನ ನಡುವ ನಿಮ್ಮವ್ವಾರು ಆಡಿದ ಮಾತು ಕತ್ತರಿಸ್ಲೇನ್ರಿ? ಇನ್ನೊಂದೆರಡು ಹಾಡು ಕೂಡ್ತಾವ.”

“ಹಾಡು ಬಿಡ್ರಿ. ಮಾತು ಇರ್ಲಿ,” ಎಂದೆ.

ಜೈನಾಪುರದ ಮನೆಗೆ ಬಂದು ಅಪ್ಪನ ಪ್ಲೇಯರಿನಲ್ಲಿ ಸಿ.ಡಿ. ಹಚ್ಚಿದೆ. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ಮೊದಲ ಹಾಡು ಮುಗಿದೊಡನೆ ನನ್ನನ್ನು ಕರೆಯುವ ನಿನ್ನ ದನಿ ಬಂತು: “ವಿಜೂ, ಯಾವಾಗ್ಲೂ ಅವಸರ ನಿಂದು. ಉಂಡು ಹೋಗ ಬೇ.”

ಅಪ್ಪ, ನೀನು ಅಲ್ಲೇ ಇರುವಂತೆ, ಅಡುಗೆಮನೆಯತ್ತ ತಿರುಗಿ ಹೇಳಿದ: “ಇವತ್ತ ಇಲ್ಲೇ ಇರ್ತಾಳ.”

ನಾನು ಮರಳಬೇಕಿದ್ದ ಸಂಜೆಯ ಬಸ್ಸು ಹೋಯಿತು ಅವ್ವಾ. ನಾನು ಏಳಲಿಲ್ಲ.