ಎರಡು ಗೆಲಾಕ್ಸಿಗಳ ನಡುವಿನ ಉಬ್ಬು

೧೪ ಮಾರ್ಚ್, ಮಧ್ಯಾಹ್ನ

ಪ್ರೀತಿಯ ಉಬ್ಬಕ್ಕನಿಗೆ,

ನಿನ್ನ ಕಾಗದಕ್ಕೆ ಏಳು ತಿಂಗಳ ಮೇಲೆ ಉತ್ತರಿಸುತ್ತಿದ್ದೇನೆ. ಕೋಟಿಗಟ್ಟಲೆ ವರ್ಷ ತಡವಾಗಿ ಬರುವ ಬೆಳಕನ್ನು ಕಾಯುವವರಿಗೆ ಏಳು ತಿಂಗಳು ಯಾವ ಲೆಕ್ಕ ಎಂದು ತಮಾಷೆ ಮಾಡಿ ಪಾರಾಗಬಹುದಿತ್ತು. ಇವತ್ತು ಅದಕ್ಕೂ ಸುಸ್ತು.

ನಾವು ಐವರು ಕೂರುತ್ತಿದ್ದ ಕೋಣೆ ಹಾಗೇ ಇದೆ: ಐದು ಮೇಜು, ಒಂದು ಫ್ಯಾನು. ಒಬ್ಬರು ಕುರ್ಚಿ ಎಳೆದರೆ ಇನ್ನೊಬ್ಬರ ಕಾಫಿ ಚೆಲ್ಲಬೇಕು. ನಾವು ನೋಡುತ್ತಿದ್ದ ಐದು ಗೆಲಾಕ್ಸಿಗಳ ಗುಂಪೂ ಇಷ್ಟೇ ಇಕ್ಕಟ್ಟಿನದು. ಚಂದ್ರ ಸಮುದ್ರವನ್ನು ಎಳೆದಂತೆ ಅವು ಒಂದನ್ನೊಂದು ಎಳೆದಾಡಿ, ನಕ್ಷತ್ರ ಹುಟ್ಟಬೇಕಾದ ತಣ್ಣನೆಯ ಅಣು ಅನಿಲವನ್ನು ಹೊರಗೆ ಚೆಲ್ಲಿವೆ ಎಂದು ನೀನು ಹೇಳುತ್ತಿದ್ದೆ. ಒಂದು ದಿನ ನೀನು ಎರಡು ಗೆಲಾಕ್ಸಿಗಳ ನಡುವಿನ ಖಾಲಿ ಜಾಗದ ಗ್ರಾಫಿನಲ್ಲಿ ಮಂಕಾದ ಉಬ್ಬೊಂದನ್ನು ತೋರಿಸಿದೆ. ಅಂಥದ್ದನ್ನೆಲ್ಲ ಯಂತ್ರದ ಅಲುಗಾಟವೆಂದು ಕಳೆದು ಗೆರೆ ನೇರ ಮಾಡುವುದು ನಮ್ಮ ರೂಢಿ. ಅದು ಆ ಅನಿಲವೇ ಎಂದು ನೀನು ಪಟ್ಟು ಬಿಡಲಿಲ್ಲ.

"ಇಲ್ಲಿ ಗ್ಯಾಸ್ ಹೊಡೆಯೋರು ತುಂಬ ಜನ, ಗ್ಯಾಸ್ ಕಂಡೋಳು ಇವಳೊಬ್ಬಳೇ" ಅಂದೆ ನಾನು. ಎಲ್ಲರೂ ನಕ್ಕರು. ಉಬ್ಬಕ್ಕ ಎಂಬ ಹೆಸರು ಅವತ್ತೇ ಅಂಟಿತು.

ಹೋದ ವಾರ ಹೊಸ ದೂರದರ್ಶಕದ ನಕ್ಷೆ ಬಂತು. ಅದೇ ಜಾಗದಲ್ಲಿ ಅನಿಲದ ಉದ್ದನೆಯ ಬಾಲ. ನಿನ್ನ ಮೇಜಿನಲ್ಲಿ ಈಗ ಕೂರುವ ಸಂಶೋಧಕಿ ಕೇಳಿದಳು, "ಸರ್, ಇಷ್ಟು ವರ್ಷ ಇದನ್ನ ಯಾರೂ ನೋಡಿರ್ಲಿಲ್ವಾ?"

"ನೋಡಿದ್ರು. ಬರೆದೂ ಇದ್ರು."

"ಮತ್ತೆ ಯಾಕೆ ಪ್ರಕಟ ಆಗ್ಲಿಲ್ಲ?"

ನಾನು ಕಾಫಿಗೆ ಎದ್ದೆ.

ಆಮೇಲೆ ನಿನ್ನ ಹಳೆಯ ದಾಖಲೆಯನ್ನು ಗೆರೆ ನೇರ ಮಾಡದೆ ನೋಡಿದೆ. ಉಬ್ಬು ಇದೆ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕೂತಿದೆ.

ಹೊಸ ಪ್ರಬಂಧದಲ್ಲಿ ನಿನ್ನ ಹೆಸರೇ ಮೊದಲಿರಬೇಕೆಂದು ಮುಖ್ಯಸ್ಥರಿಗೆ ಹೇಳಿದೆ. "ಸ್ಕೂಲಲ್ಲಿ ಲೆಕ್ಕ ಹೇಳ್ಕೊಡೋ ಟೀಚರ್ ಹೆಸರಾ?" ಅಂದರು. "ಲೆಕ್ಕ ತಪ್ಪಿದ್ದು ನಮ್ದು ಸಾರ್" ಅಂದೆ. ಒಪ್ಪಿದರು. ಲೇಖಕರ ಹೆಸರಿನ ಫಾರ್ಮು ಇದರ ಜೊತೆ ಇಟ್ಟಿದ್ದೇನೆ, ನಿನ್ನ ಸಹಿ ಬೇಕು.

ಮುಂದಿನ ತಿಂಗಳು ನನ್ನ ನಿವೃತ್ತಿ. ಮೊಣಕಾಲು ಆಗಲೇ ನಿವೃತ್ತಿಯಾಗಿದೆ. ನಿನ್ನ ಮಗಳಿಗೆ ಆಶೀರ್ವಾದ. ಅವಳೂ ನಿನ್ನಷ್ಟೇ ಹಟಮಾರಿಯಾಗಲಿ.

ಇಂತಿ ನಿನ್ನ,
ಪಕ್ಕದ ಮೇಜಿನವನು

ತಾ.ಕ.: ಇದು ಮರೆತು ಕೊನೆಗೆ ಬರೆಯುತ್ತಿರುವುದಲ್ಲ. ಅವತ್ತು ನಿನ್ನ ಪ್ರಬಂಧ ಹೊರಗೆ ಹೋಗುವ ಮೊದಲು ಸಂಸ್ಥೆಯೊಳಗೇ ಒಬ್ಬರು, ಹೆಸರು ಹೇಳದೆ, ಓದಿ ಒಪ್ಪಬೇಕಿತ್ತಲ್ಲ. "ಇದು ಯಂತ್ರದ ಅಲುಗಾಟ, ಕಳಿಸಲು ಯೋಗ್ಯವಲ್ಲ" ಎಂಬ ಒಂದು ಸಾಲು ಓದಿ ನೀನು ಮೇಜು ಖಾಲಿ ಮಾಡಿದೆ. ನಿನ್ನ ಪುಸ್ತಕದ ಪೆಟ್ಟಿಗೆ ಹೊತ್ತು ಬಸ್‌ಸ್ಟಾಪಿನವರೆಗೆ ಬಂದ ನಾನು "ಅವನ್ಯಾರೋ ಅಯೋಗ್ಯ, ಬಿಡು" ಅಂದೆ. ಆ ಸಾಲು ನಾನು ಬರೆದದ್ದು. ದಾಖಲೆ ಬಿಚ್ಚಿಯೂ ನೋಡಿರಲಿಲ್ಲ. ನೀನು ಹೇಳಿದ್ದು ನಿಜವಾದರೆ ನನ್ನ ಜೋಕು ಹಾಳಾಗುತ್ತಿತ್ತು.

ಫಾರ್ಮಿನಲ್ಲಿ ನನ್ನ ಹೆಸರು ಐದನೆಯದು. ಬೇಡವೆನಿಸಿದರೆ ಹೊಡೆದುಹಾಕಿ ಕಳಿಸು.