ದುವ್ವಾಡದ ಬಾಯ್ಲರ್

೭ ಅಕ್ಟೋಬರ್ ೨೦೦೭, ಭಾನುವಾರ

ಮತ್ತೆ ಅರ ಹಿಡಿಯುವ ಕೆಲಸ. ಬೆಳಗ್ಗೆ ಒಂಬತ್ತರಿಂದ ದುವ್ವಾಡದಲ್ಲಿ, ಸತ್ಯಮೂರ್ತಿ ಗಾರ ಜಗಲಿಯಲ್ಲಿ. ಚಕ್ರದ ಪಿನ್ ಕೂದಲೆಳೆಯಷ್ಟು ಹೆಚ್ಚು ದಪ್ಪ. ಉಜ್ಜಿದೆ, ಹಾಕಿ ನೋಡಿದೆ, ಮತ್ತೆ ಉಜ್ಜಿದೆ. ಹದಿನಾಲ್ಕು ತಿಂಗಳ ಭಾನುವಾರಗಳು ಈ ಎರಡಡಿ ಉದ್ದದ ಮಾದರಿ ಉಗಿ ಇಂಜಿನ್ನಿನ ಹೊಟ್ಟೆಗೆ ಹೋಗಿವೆ. ಬ್ಯಾಂಕಿನಲ್ಲಿ ಯಾರಿಗೂ ಹೇಳಿಲ್ಲ. ಉಗುರಿನ ಸಂದಿ ಯಾಕೆ ಕಪ್ಪು ಅಂತ ಕ್ಯಾಷಿಯರ್ ಕೇಳಿದ. ಬದನೆಕಾಯಿ ಸುಟ್ಟೆ ಅಂದೆ.

ಸತ್ಯಮೂರ್ತಿ ಗಾರು ರೈಲ್ವೆಯಲ್ಲಿ ದೊಡ್ಡ ಉಗಿ ಇಂಜಿನ್ ರಿಪೇರಿ ಮಾಡಿ ರಿಟೈರ್ ಆದವರು. ಅವರು ಮಾಡಿರುವ ಪುಟ್ಟ ಇಂಜಿನ್ನಿಗೂ ನನ್ನದಕ್ಕೂ ಒಂದೇ ನಕಾಶೆ. ಅವರದು ಒಂಬತ್ತು ವರ್ಷಗಳ ಕೆಲಸ, ಜನವರಿಯ ವಿಜಯವಾಡದ ಮಾದರಿ ಇಂಜಿನ್ ಪ್ರದರ್ಶನಕ್ಕೆ ತಯಾರು. ನನಗೆ ಅರ ಹಿಡಿಯಲು ಬರುತ್ತಿರಲಿಲ್ಲ. ಕೈ ಹಿಡಿದು ಕಲಿಸಿದರು. ಈ ತೆಲುಗು ಪರವೂರಿನಲ್ಲಿ ಇಂಥ ಜಗಲಿ ಸಿಕ್ಕಿದ್ದು ನನ್ನ ಪುಣ್ಯ.

ಸಂಜೆ ಧಾರವಾಡದಿಂದ ನಮ್ಮ ಯಜಮಾನರ ಫೋನ್. “ಏನ್ರೀ ಡ್ರೈವರ್ ಬಾಯಾರ, ಗಾಡಿ ಬಿಡೂದು ಯಾವಾಗ?”

೧೯ ನವೆಂಬರ್, ಸೋಮವಾರ

ಟ್ರಾನ್ಸ್‌ಫರ್ ಆರ್ಡರ್. ರಾಯಚೂರು. ಜನವರಿ ಹತ್ತರೊಳಗೆ ರಿಪೋರ್ಟ್ ಮಾಡಬೇಕು.

ಮೂರು ವರ್ಷ ಕೇಳಿಕೊಂಡಿದ್ದು ನಾನೇ. ಈಗ ಬಂದ ಆರ್ಡರನ್ನು ಡ್ರಾಯರಿಗೆ ತಳ್ಳಿದೆ. ರಾಯಚೂರಿನಲ್ಲಿ ಇಷ್ಟು ಚಿಕ್ಕ ಹಳಿ ಯಾರು ಹಾಕಿಟ್ಟಿದ್ದಾರೆ? ಓಡಿಸಿದರೆ ವಿಜಯವಾಡದಲ್ಲಿ, ಜನವರಿ ಆರಕ್ಕೆ. ಇಲ್ಲದಿದ್ದರೆ ಶೋಕೇಸಿನಲ್ಲಿ ಗೊಂಬೆಗಳ ಪಕ್ಕ.

೯ ಡಿಸೆಂಬರ್, ಭಾನುವಾರ

ಬಾಯ್ಲರ್ ಪರೀಕ್ಷೆ ಇತ್ತು. ಇಂಥ ಇಂಜಿನ್ ಮಾಡುವ ನಮ್ಮ ಗುಂಪಿನಲ್ಲಿ ಒಂದು ಕಟ್ಟಳೆ — ಬೆಂಕಿ ಹಾಕುವ ಮೊದಲು ಬಾಯ್ಲರ್ ತುಂಬ ತಣ್ಣೀರು ತುಂಬಿ, ಓಡುವಾಗಿನ ಒತ್ತಡದ ಎರಡರಷ್ಟು ಪಂಪ್ ಮಾಡಿ, ಇಪ್ಪತ್ತು ನಿಮಿಷ ಕಾಯಬೇಕು. ಒತ್ತಡ ತೋರಿಸುವ ಮುಳ್ಳು ಇಳಿಯಬಾರದು. ಇಳಿಯದಿದ್ದರೆ ಸತ್ಯಮೂರ್ತಿ ಗಾರು ಕಾರ್ಡಿಗೆ ಸಹಿ ಹಾಕುತ್ತಾರೆ. ಕಾರ್ಡಿಲ್ಲದ ಇಂಜಿನ್ ಪ್ರದರ್ಶನದಲ್ಲಿ ಓಡುವಂತಿಲ್ಲ.

ಹದಿನೇಳನೇ ನಿಮಿಷಕ್ಕೆ ಕೆಳಗಿನ ಅಂಚಿನಲ್ಲಿ ಒಂದು ಹನಿ. ಒಂದೇ ಒಂದು.

“ಸಂತಕಂ ಪೆಟ್ಟನು, ಅಮ್ಮಾ” ಅಂದರು. ಸಹಿ ಹಾಕೋದಿಲ್ಲ.

ಬೇಡಿಕೊಂಡೆ. ಕಾರ್ಡನ್ನು ಡಬ್ಬಿಯೊಳಗೆ ಇಟ್ಟುಬಿಟ್ಟರು. ನನಗೆ ತಲೆ ಕೆಟ್ಟಿತು. “ನಿಮ್ಮದಕ್ಕಿಂತ ಮೊದಲು ನನ್ನದು ಓಡಬಾರದು ಅಂತ ಅಲ್ಲವಾ?” ಅಂದುಬಿಟ್ಟೆ. ಅವರು ಕೈ ಒರೆಸಿಕೊಂಡರು. ಕೋಟೇಶ್ವರಮ್ಮ ಗಾರು ಒಳಗೆ ಎಲೆ ಹಾಕಿದ್ದರು. ಗಂಡನಿಗೆ ನಾನು ಅಂದದ್ದು ಅವರ ಕಿವಿಗೂ ಬಿದ್ದಿರಬೇಕು. ಬಾಯ್ಲರ್ ಎತ್ತಿಕೊಂಡು ಉಣ್ಣದೆ ಬಂದೆ.

೧೧ ಡಿಸೆಂಬರ್, ಸಂಜೆ ೭

ನಾನೇ ಸರಿಮಾಡಿದೆ! ರೇಡಿಯೋ ಅಂಗಡಿಯಿಂದ ಸೀಸದ ಸೋಲ್ಡರ್ ತಂದು, ಸೋರುವ ಕಡೆ ತುಂಬಿದೆ. ನೀರು ತುಂಬಿ ಒಂದು ಗಂಟೆ ಇಟ್ಟೆ. ಒಂದು ಹನಿಯೂ ಇಲ್ಲ. ಇಷ್ಟಕ್ಕೆ ಏನು ರಂಪ...

೨೩ ಡಿಸೆಂಬರ್, ಭಾನುವಾರ

ಹೋದ ಭಾನುವಾರ ಹೋಗಲಿಲ್ಲ. ಮುಖ ಇರಲಿಲ್ಲ. ಇವತ್ತು ಬಾಯ್ಲರ್ ಹಿಡಿದುಕೊಂಡು ಹೋದೆ.

ಪಂಪ್ ತರಲೇ ಇಲ್ಲ ಅವರು. ಅಂಚನ್ನು ಉಗುರಿನಿಂದ ಕೆರೆದರು. ಬೂದು ಬಣ್ಣದ ಪುಡಿ ಬಂತು. “ಸೀಸ” ಅಂದವರೇ ಸ್ಟೂಲಿನ ಮೇಲೆ ಕುಳಿತರು.

ಆಮೇಲೆ ನಿಧಾನವಾಗಿ ಹೇಳಿದರು. ಅವರ ತೆಲುಗು ಈಗ ನನ್ನ ಕಿವಿಗೆ ಕನ್ನಡವೇ. ಸೀಸದ ಸೋಲ್ಡರ್ ಉಗಿಯ ಬಿಸಿಗೆ ಮೆತ್ತಗಾಗುತ್ತದೆ. ಅದು ಒಮ್ಮೆ ಸಂದಿಗೆ ಇಳಿದರೆ ಅಲ್ಲಿ ಬಾಯ್ಲರಿಗೆ ಬೇಕಾದ ಗಟ್ಟಿ ಬೆಳ್ಳಿ ಬೆಸುಗೆ ಹಿಡಿಯುವುದೇ ಇಲ್ಲ. ಈ ಬಾಯ್ಲರ್ ಮುಗಿಯಿತು.

“ಕೇಳಿದ್ದರೆ ಇಬ್ಬರೂ ಸೇರಿ ಮತ್ತೆ ಕಾಯಿಸಿ ಬೆಸೆಯುತ್ತಿದ್ದೆವು, ಅಮ್ಮಾ. ಎರಡು ಗಂಟೆಯ ಕೆಲಸ.”

ಅತ್ತುಬಿಟ್ಟೆ. ನಲವತ್ತೇಳು ವರ್ಷದ ಬ್ಯಾಂಕ್ ಆಫೀಸರ್, ಜಗಲಿಯಲ್ಲಿ ಕುಳಿತು ಮಗುವಿನ ಹಾಗೆ. ಅವತ್ತು ಆಡಿದ ಮಾತಿಗೆ ಕ್ಷಮೆ ಕೇಳಿದೆ. ಕೋಟೇಶ್ವರಮ್ಮ ಗಾರು ಬಂದು, “ಮೊದಲು ಊಟ. ಅವತ್ತಿನದೂ ಸೇರಿಸಿ ಉಣ್ಣಬೇಕು” ಅಂತ ರಟ್ಟೆ ಹಿಡಿದು ಎಬ್ಬಿಸಿದರು.

ಉಂಡು ಬರುವಷ್ಟರಲ್ಲಿ ಸತ್ಯಮೂರ್ತಿ ಗಾರು ತಮ್ಮ ಇಂಜಿನ್ ಬಿಚ್ಚಿ ಹಾಕಿದ್ದರು. ತಮ್ಮ ಬಾಯ್ಲರನ್ನು ಎತ್ತಿ ನನ್ನ ಚಕ್ರಗಳ ಚೌಕಟ್ಟಿನ ಮೇಲೆ ಇಟ್ಟರು. ಒಂದೇ ನಕಾಶೆ. ಸರಿಯಾಗಿ ಕೂತಿತು.

“ಬೇಡ” ಅಂದೆ. “ಒಂಬತ್ತು ವರ್ಷ...”

“ನಾನು ಇಲ್ಲೇ ಇರ್ತೀನಿ. ನೀವು ಹೋಗ್ತೀರಿ. ಸ್ಪ್ಯಾನರ್ ಕೊಡಿ.”

ಸ್ಪ್ಯಾನರ್ ಕೊಟ್ಟೆ.

೬ ಜನವರಿ ೨೦೦೮, ವಿಜಯವಾಡ

ಗವರ್ನರ್‌ಪೇಟೆಯ ಹಾಲ್. ಹೊರಗೆ ಆಟೋಗಳ ಗಲಾಟೆ, ಒಳಗೆ ಬಿಸಿ ಎಣ್ಣೆಯ ವಾಸನೆ. ನಮ್ಮಿಬ್ಬರದೂ ಒಂದೇ ಟೇಬಲ್. ಅವರ ಇಂಜಿನ್ನಿಗೆ ಬರೀ ಚಕ್ರ, ಚೌಕಟ್ಟು. ಮುಂದೆ ಒಂದು ಚೀಟಿ: ಕೆಲಸ ನಡೆಯುತ್ತಿದೆ. ಇಷ್ಟು ವರ್ಷವಾದರೂ ಮುಗಿದಿಲ್ಲವಾ ಅಂತ ಬಂದವರೆಲ್ಲ ಕಾಲೆಳೆದರು. ಸತ್ಯಮೂರ್ತಿ ಗಾರು ನಕ್ಕರು.

ಮೊದಲ ಓಟದಲ್ಲಿ ಮಾಡಿದವರೇ ಉಗಿ ಬಿಡಬೇಕು, ಉಳಿದವರು ಕೈ ಹಿಂದೆ ಕಟ್ಟಿ ನಿಲ್ಲಬೇಕು. ಅದೂ ನಮ್ಮ ಕಟ್ಟಳೆ. ಅವರು ಕೈ ಕಟ್ಟಿ ನಿಂತರು. ಉಗಿ ಬಿಟ್ಟೆ. ಮೊದಲು ನೀರು ಕಾರಿತು, ಕೆಮ್ಮಿತು... ಆಮೇಲೆ ಹೊರಟಿತು! ಹಾಲಿನ ಸುತ್ತ ಮೂರು ಸುತ್ತು, ಹಿಂದಿನ ಗಾಡಿಯ ಮೇಲೆ ನನ್ನನ್ನೇ ಕೂರಿಸಿಕೊಂಡು. ನನ್ನ ತೂಕ ಇಲ್ಲಿ ಬರೆಯುವುದಿಲ್ಲ.

ಮೈಕಿನವರು ಅಭಿನಂದನೆ ಹೇಳಿದರು. ಎಲ್ಲ ನೀವೇ ಮಾಡಿದ್ದಾ ಅಂತ ಕೇಳಿದರು. ನನ್ನ ಹರಕು ತೆಲುಗಿನಲ್ಲೇ ಹೇಳಿದೆ — ಬಾಯ್ಲರ್ ಸತ್ಯಮೂರ್ತಿ ಗಾರದು. ನನ್ನದನ್ನು ಸೀಸ ಹಾಕಿ ನಾನೇ ಕೆಡಿಸಿದೆ. ಅವರು ತಮ್ಮದನ್ನು ಬಿಚ್ಚಿ ಕೊಟ್ಟರು.

ಹಾಲ್ ತುಂಬ ಚಪ್ಪಾಳೆ. ಅವರು ತಲೆ ತಗ್ಗಿಸಿ ನನ್ನ ಇಂಜಿನ್ನಿಗೆ ಎಣ್ಣೆ ಬಿಡುತ್ತಿದ್ದರು, ಬೇಡದ ಕಡೆಗೆಲ್ಲ.

೮ ಜನವರಿ, ಮಂಗಳವಾರ

ಬಾಯ್ಲರ್ ವಾಪಸ್ ಕೊಡಲು ಹೋದೆ. ಮುಟ್ಟಲಿಲ್ಲ.

“ಅದು ನಿಮ್ಮದು. ನನಗೆ ಇನ್ನೊಂದು ಮಾಡಿಕೊಡಿ.”

“ನಾನಾ? ನಾನು ಮಾಡಿದ್ದು ನೋಡಿದಿರಲ್ಲ.”

“ನೋಡಿದೆ. ಒಂದು ಅಂಚು ಬಿಟ್ಟರೆ ಎಲ್ಲ ಚೆನ್ನಾಗಿತ್ತು.”

ಹೊಗಳಿಕೆ ಅವರ ಬಾಯಿಂದ ಇದೇ ಮೊದಲು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕಿದೆ. ನಾಳೆ ರೈಲು.

೩ ಫೆಬ್ರವರಿ, ಭಾನುವಾರ, ರಾಯಚೂರು

ತಾಮ್ರದ ತಗಡು ಬಂತು. ರಜೆ ಹಾಕಿ ಬಂದ ಇವರು ಒಂದು ತುದಿ ಹಿಡಿದಿದ್ದಾರೆ. “ಇದು ಯಾರಿಗ?” ಅಂದರು. ನಮ್ಮ ಗುರುಗಳಿಗೆ ಅಂದೆ. ನಗಲಿಲ್ಲ, ತುದಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದರು.

ಕತ್ತರಿ ಹಾಕುವ ಮೊದಲೇ ದುವ್ವಾಡಕ್ಕೆ ಫೋನ್ ಮಾಡಿದೆ. ಯಾವ ಅಂಚು ಮೊದಲು ಬೆಸೆಯಲಿ? ತಗಡು ಎಷ್ಟು ಕಾಯಿಸಲಿ? ಅವರ ದನಿ ಒಮ್ಮೆಲೇ ಹಿಗ್ಗಿತು. ಪೆನ್ನು ತಗೊಳ್ಳಿ ಅಂದರು. ಕೈಗೆ ಸಿಕ್ಕಿದ್ದು ಈ ಪುಸ್ತಕವೇ, ಇದರಲ್ಲೇ ಬರೆದುಕೊಳ್ಳುತ್ತಿದ್ದೇನೆ —

ಒಂದು: ತಾಮ್ರವನ್ನು ಹುಣಸೆಹಣ್ಣು ಹಾಕಿ ತೊಳೆಯಬೇಕು.

ಎರಡು: ಅವಸರ ಮಾಡಬಾರದು.